ಬಂದು ಹೋಗುವವರಿಗೆ ಮುಂಗಡ ಕೊಡಬಹುದೇ? ಓಡಾಟ ಹೆಚ್ಚಿದಂತೆ ನಂಬಿಕೆ ಕಡಿಮೆಯಾಗುತ್ತದೆಯೇ?

ಹೊಳೆಬದಿ ತೋಟ:
ಕೊಡಗಿನ ಸಿದ್ದಾಪುರದ ಕಡೆ, ಕಾವೇರಿ ಹೊಳೆಗೆ ಅಂಟಿಕೊಂಡಂತೆ ನಮ್ಮದು ಒಂಬತ್ತು ಎಕರೆ ರೊಬಸ್ಟಾ ಕಾಫಿ ತೋಟ. ಜನವರಿ ಹತ್ತಿರವಾಗುತ್ತಿದೆ. ಈಗಲೇ ಆಳುಗಳನ್ನು ಗೊತ್ತು ಮಾಡಿಕೊಳ್ಳದಿದ್ದರೆ ಹಣ್ಣು ಗಿಡದಲ್ಲೇ ಒಣಗಿ ನೆಲಕ್ಕೆ ಉದುರುತ್ತದೆ ಎಂಬುದು ಇಲ್ಲಿರುವ ಬೆಳೆಗಾರರಿಗೆಲ್ಲ ಗೊತ್ತಿರುವ ಸಂಗತಿ.

ಎರಡು ವರ್ಷಗಳ ಹಿಂದೆ ಒಬ್ಬ ಮೇಸ್ತ್ರಿ ಅಸ್ಸಾಮಿನಿಂದ ಎಂಟು ಜನರನ್ನು ಕರೆತರುವುದಾಗಿ ಹೇಳಿ ನನ್ನಿಂದ 40,000 ರೂಪಾಯಿ ಮುಂಗಡ ಪಡೆದ. ಬಂದವರು ನಾಲ್ಕೇ ಜನ. ಹನ್ನೆರಡು ದಿನ ಕೊಯ್ದು, ಹದಿಮೂರನೆಯ ದಿನ ಬೆಳಿಗ್ಗೆ ನೋಡಿದರೆ ಆಳುಗಳಿರುವ ಸಾಲುಮನೆ, ಅಂದರೆ ಲೈನ್‌ಮನೆ, ಖಾಲಿಯಾಗಿತ್ತು. ಒಲೆಯ ಮೇಲೆ ಅರ್ಧ ಬೆಂದ ಅನ್ನದ ಪಾತ್ರೆಯನ್ನೂ ಬಿಟ್ಟು ಹೋಗಿದ್ದರು. ಮೇಸ್ತ್ರಿಯ ಫೋನು ಅಂದಿನಿಂದ ಇಂದಿನವರೆಗೂ ಸ್ವಿಚ್ ಆಫ್. ಆ ವರ್ಷ ಮೂರನೆಯ ಒಂದು ಭಾಗ ಹಣ್ಣು ನೆಲದ ಪಾಲಾಯಿತು.

ಕಳೆದ ವರ್ಷ ಫೆಬ್ರವರಿಯಲ್ಲಿ ಅದೇ ನಾಲ್ವರಲ್ಲಿ ಒಬ್ಬ ತನ್ನ ಹೆಂಡತಿಯೊಡನೆ ಬಂದು ಕಣದ ಅಂಚಿನಲ್ಲಿ ನಿಂತ. ನಾನು ಬಯ್ಯುವಷ್ಟೂ ಬಯ್ದೆ. ಎಲ್ಲವನ್ನೂ ಕೇಳಿಸಿಕೊಂಡ ಮೇಲೆ ಅವನು ಹೇಳಿದ್ದೇನೆಂದರೆ, ಮುಂಗಡದಲ್ಲಿ ಒಂದು ರೂಪಾಯಿಯೂ ತಮಗೆ ತಲುಪಿರಲಿಲ್ಲ, ತೋಟದವರು ಕೂಲಿಯನ್ನು ಮುಂಗಡಕ್ಕೆ ಮುರಿದುಕೊಳ್ಳುತ್ತಾರೆಂದು ಮೇಸ್ತ್ರಿಯೇ ಹೆದರಿಸಿ ರಾತ್ರೋರಾತ್ರಿ ಬೇರೆ ತೋಟಕ್ಕೆ ಸಾಗಿಸಿದ್ದ. ನಂಬಿದೆನೋ ಇಲ್ಲವೋ ಹೇಳಲಾರೆ, ಆಳು ಬೇಕಿತ್ತು, ಕೆಲಸ ಕೊಟ್ಟೆ. ಕೊನೆಯ ಗಿಡದವರೆಗೂ ಇದ್ದು ಕೊಯ್ದರು.

ಈಗ ಅವನು ಬರ್‌ಪೇಟಾದಿಂದ ಫೋನು ಮಾಡಿ, ಈ ಸಲ ಆರು ಜನರೊಡನೆ ಬರುವುದಾಗಿಯೂ ರೈಲು ಟಿಕೆಟ್ಟಿಗೆಂದು 18,000 ರೂಪಾಯಿ ಕಳುಹಿಸಬೇಕೆಂದೂ ಕೇಳುತ್ತಿದ್ದಾನೆ. ಮನೆಯಲ್ಲಿ ಬೇಡವೆನ್ನುತ್ತಿದ್ದಾರೆ. ನನ್ನ ಪ್ರಶ್ನೆ ಹಣದ್ದು ಮಾತ್ರವಲ್ಲ. ನಮ್ಮ ತಂದೆಯವರ ಕಾಲದಲ್ಲಿ ಮನೆಗೆ ಬೀಗ ಹಾಕಿದ್ದನ್ನು ನಾನು ನೋಡಿಲ್ಲ. ಜನ ಹೀಗೆ ಊರಿಂದೂರಿಗೆ ಹರಿದಾಡತೊಡಗಿದ್ದರಿಂದಲೇ ಆ ನಂಬಿಕೆ ಹೋಯಿತೇ?

ಸಂತೆಬೀದಿ:
ಕೊಡಬೇಡಿ. ಸಾವಿರಾರು ಕಿಲೋಮೀಟರು ಆಚೆ ಇರುವವನನ್ನು ಯಾವ ಠಾಣೆಯಲ್ಲಿ ಹುಡುಕುತ್ತೀರಿ?

ಹಳೇ ಮೇಷ್ಟ್ರು:
ಬೀಗದ ಮಾತನ್ನು ಎತ್ತಿದ್ದರಿಂದ ಬರೆಯುತ್ತಿದ್ದೇನೆ. ನಿಮ್ಮ ತಂದೆಯವರ ಮೇಲೆ ನನಗೆ ಗೌರವವಿದೆ, ಆದರೆ ಆ ಕಾಲದ ನೆನಪಿಗೆ ನಾವು ಸ್ವಲ್ಪ ಸಕ್ಕರೆ ಹಾಕಿಕೊಂಡೇ ಕುಡಿಯುತ್ತೇವೆ. ಕೊಡಗು ಯಾವತ್ತೂ ನಿಂತ ನೀರಾಗಿರಲಿಲ್ಲ. ನಮ್ಮನ್ನು ಆಳಿದ ಹಾಲೇರಿ ಅರಸರೇ ಹೊರಗಿನಿಂದ ಬಂದವರು. ಅರೆಭಾಷೆ ಗೌಡರು ಸುಳ್ಯದ ಕಡೆಯಿಂದ ಘಟ್ಟ ಹತ್ತಿ ಬಂದು ನೆಲೆಸಿದವರು. 1834ರಲ್ಲಿ ಬ್ರಿಟಿಷರು ಕೊಡಗನ್ನು ವಶಪಡಿಸಿಕೊಂಡ ಎರಡು ದಶಕಗಳಲ್ಲೇ ಯುರೋಪಿಯನ್ನರ ಕಾಫಿ ತೋಟಗಳು ಎದ್ದವು. ಅವುಗಳಿಗೆ ಮೈಸೂರು ಸೀಮೆ, ಮಲಬಾರು ಹಾಗೂ ತಮಿಳು ನಾಡುಗಳಿಂದ ಆಳು ತಂದವರು ಇದೇ ಮೇಸ್ತ್ರಿಗಳು, ಕೊಟ್ಟದ್ದು ಇದೇ ಮುಂಗಡ, ಓಡಿಹೋದವರ ಬಗ್ಗೆ ಕೇಳಿಬರುತ್ತಿದ್ದ ದೂರೂ ಇದೇ.

ಇನ್ನು ಬೀಗ. ಲೈನ್‌ಮನೆಯಲ್ಲಿ ಹುಟ್ಟಿ ಲೈನ್‌ಮನೆಯಲ್ಲೇ ಸಾಯುವ ಎರವ ಬುಡಕಟ್ಟಿನ ಆಳು ನಿಮ್ಮ ಮನೆಯ ಚೊಂಬು ಕದ್ದು ಎಲ್ಲಿಗೆ ಹೋಗಬೇಕಿತ್ತು? ಅವನಿಗೆ ಹೋಗಲು ಜಾಗವೇ ಇರಲಿಲ್ಲ. ಜೀತ ಪದ್ಧತಿಯನ್ನು ರದ್ದು ಮಾಡುವ ಕಾಯ್ದೆ ಬಂದದ್ದು 1976ರಲ್ಲಿ. ಅದು ಬಂದ ಮಾರನೆಯ ದಿನವೇ ಎಲ್ಲರೂ ಸ್ವತಂತ್ರರಾದರೆಂದು ನಂಬುವಷ್ಟು ಮುಗ್ಧರು ನಾವಲ್ಲ. ಬಿಟ್ಟು ಹೋಗಲಾರದವನನ್ನು ನಂಬುವುದಕ್ಕೆ ನಂಬಿಕೆ ಎಂಬ ದೊಡ್ಡ ಪದ ಬೇಕಿಲ್ಲ. ಬಿಟ್ಟು ಹೋಗಬಲ್ಲವನು ನಿಮ್ಮ ಮುಂದೆ ನಿಂತಾಗ ಮಾತ್ರ ಆ ಪದಕ್ಕೆ ಕೆಲಸ ಶುರುವಾಗುತ್ತದೆ.

ಹೊಳೆಬದಿ ತೋಟ:
ಮೇಷ್ಟ್ರೇ, ನಮ್ಮ ತಂದೆ ಯಾರನ್ನೂ ಜೀತಕ್ಕೆ ಇಟ್ಟುಕೊಂಡಿರಲಿಲ್ಲ. ನಾಟಿಯ ಸಮಯದಲ್ಲಿ ಊರಿನ ನಾಲ್ಕು ಮನೆಯವರು ಮುಯ್ಯಾಳು ಬರುತ್ತಿದ್ದರು, ನಾವು ಅವರ ಗದ್ದೆಗೆ ಹೋಗುತ್ತಿದ್ದೆವು. ಅಲ್ಲಿ ಯಾರೂ ಪುಸ್ತಕದಲ್ಲಿ ಲೆಕ್ಕ ಬರೆದವರಲ್ಲ. ಅದನ್ನಾದರೂ ನಂಬಿಕೆ ಎನ್ನುತ್ತೀರೋ ಇಲ್ಲವೋ?

ಹಳೇ ಮೇಷ್ಟ್ರು:
ಅದನ್ನು ಖಂಡಿತವಾಗಿಯೂ ಎನ್ನುತ್ತೇನೆ. ಆದರೆ ಆ ಮುಯ್ಯಾಳನ್ನು ಕೊಂದವರು ಅಸ್ಸಾಮಿನವರಲ್ಲ. ಗದ್ದೆ ಪಾಳು ಬಿಟ್ಟು, ಮಕ್ಕಳನ್ನು ಬೆಂಗಳೂರಿಗೆ ಕಳುಹಿಸಿದವರು ನಾವು.

ಅಂಕಿಅಂಶ:
ನಾನು ಸಮಾಜಶಾಸ್ತ್ರದ ವಿದ್ಯಾರ್ಥಿನಿ, ಊರು ವಿರಾಜಪೇಟೆಯ ಹತ್ತಿರ. ಮೇಷ್ಟ್ರು ಹೇಳಿದ ವ್ಯತ್ಯಾಸ ನಮ್ಮ ಪಾಠದಲ್ಲೂ ಬರುತ್ತದೆ. ಹತ್ತಾರು ದೇಶಗಳಲ್ಲಿ ನಡೆಯುವ ವಿಶ್ವ ಮೌಲ್ಯಗಳ ಸಮೀಕ್ಷೆಯಲ್ಲಿ ಒಂದು ಹಳೆಯ ಪ್ರಶ್ನೆಯಿದೆ: ಬಹುಪಾಲು ಜನರನ್ನು ನಂಬಬಹುದೇ, ಅಥವಾ ಜನರೊಡನೆ ವ್ಯವಹರಿಸುವಾಗ ಬಹಳ ಎಚ್ಚರವಾಗಿರಬೇಕೇ? ನಾರ್ವೆ, ಸ್ವೀಡನ್‌ಗಳಲ್ಲಿ ನೂರಕ್ಕೆ 60ಕ್ಕೂ ಹೆಚ್ಚು ಜನ ನಂಬಬಹುದು ಎನ್ನುತ್ತಾರೆ. ಬ್ರೆಜಿಲ್, ಕೊಲಂಬಿಯಾ, ಫಿಲಿಪ್ಪೀನ್ಸ್‌ಗಳಲ್ಲಿ ಅದು ನೂರಕ್ಕೆ 10ನ್ನೂ ಮುಟ್ಟುವುದಿಲ್ಲ. ಇದನ್ನು ಓದಿ ಬಡ ದೇಶಗಳವರು ಸಂಶಯ ಪಿಶಾಚಿಗಳೆಂದು ತೀರ್ಮಾನಿಸಬಾರದು. ಬಹುಪಾಲು ಜನ ಎಂದಾಗ ಒಬ್ಬೊಬ್ಬರ ಕಣ್ಣ ಮುಂದೆ ಒಂದೊಂದು ಗುಂಪು ಬರುತ್ತದೆ. ನಮ್ಮಜ್ಜಿಗೆ ಅದು ಊರೂ ನೆಂಟರೂ, ನನಗೆ ಬಸ್ಸಿನ ತುಂಬ ಇರುವ ಅಪರಿಚಿತರು. ಅದಕ್ಕಾಗಿಯೇ 2005ರ ನಂತರದ ಸುತ್ತುಗಳಲ್ಲಿ ಮನೆಯವರು, ನೆರೆಯವರು, ಮೊದಲ ಸಲ ಭೇಟಿಯಾದವರು, ಬೇರೆ ಧರ್ಮದವರು ಎಂದು ಬಿಡಿಬಿಡಿಯಾಗಿ ಕೇಳತೊಡಗಿದರು.

ಇನ್ನೊಂದು ಮಾತು. ಓಡಾಟ ನಂಬಿಕೆಯನ್ನು ಕಡಿಮೆ ಮಾಡುತ್ತದೆಯೇ ಎಂದು ಕೇಳಿದ್ದೀರಿ. ನಂಬಿಕೆಯೇ ಓಡಾಟವನ್ನು ತಡೆಯುವುದೂ ಉಂಟು. ಕೈವನ್ ಮುನ್ಷಿ ಮತ್ತು ಮಾರ್ಕ್ ರೋಸೆನ್ಜ್‌ವೀಗ್ ಎಂಬ ಅರ್ಥಶಾಸ್ತ್ರಜ್ಞರು 2016ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ನಗರದಲ್ಲಿ ಕೂಲಿ ಹೆಚ್ಚಿದ್ದರೂ ಭಾರತದ ಹಳ್ಳಿಯ ಗಂಡಸರು ಕುಟುಂಬ ಸಮೇತ ಹೊರಡದಿರಲು ಒಂದು ಮುಖ್ಯ ಕಾರಣ, ಕಷ್ಟಕಾಲಕ್ಕೆ ಕೈಗಡ ಕೊಡುವ ಜಾತಿಯ ಬಳಗವನ್ನು ಕಳೆದುಕೊಳ್ಳುವ ಭಯ. ಅಂದರೆ ಒಳಗಿನ ನಂಬಿಕೆ ಗಟ್ಟಿಯಾಗಿದ್ದಷ್ಟೂ ಹೊಸ್ತಿಲು ಎತ್ತರವಾಗುತ್ತದೆ.

ಸೋಮವಾರಪೇಟೆ ಕಾಫಿ:
ಅಧ್ಯಯನಗಳು ಇರಲಿ ತಂಗಿ, ಕಣದಿಂದ ಎರಡು ಚೀಲ ಒಣ ಮೆಣಸು ರಾತ್ರಿ ಕಾಣೆಯಾದಾಗ ಯಾವ ಸಮೀಕ್ಷೆಯೂ ನನ್ನ ಜೊತೆ ಟಾರ್ಚು ಹಿಡಿದು ಬರಲಿಲ್ಲ. ಹೊಸಬರು ಬಂದರೆ ಆಧಾರ್ ಪ್ರತಿ ತೆಗೆದುಕೊಂಡು ಠಾಣೆಗೆ ಕೊಡಿ, ಅಷ್ಟೇ. ಅದು ಅವಮಾನವೇನಲ್ಲ.

ಬೆಂಗಳೂರಲ್ಲಿರುವ ಕೊಡಗಿನವ:
ಅವಮಾನವಲ್ಲವೆಂದು ಹೇಳುವುದು ಸುಲಭ ಅಣ್ಣ. ನಾನು ಬೆಂಗಳೂರಿಗೆ ಬಂದ ಹೊಸತರಲ್ಲಿ ಬಾಡಿಗೆ ಮನೆ ಕೇಳಲು ಹೋದರೆ ಮೊದಲ ಪ್ರಶ್ನೆ ಯಾವ ಊರು, ಎರಡನೆಯದು ಯಾವ ಜನ, ಮೂರನೆಯದು ಮಾಂಸ ತಿನ್ನುತ್ತೀರಾ. ಹತ್ತು ತಿಂಗಳ ಮುಂಗಡ ಇಟ್ಟು, ಎರಡು ದಾಖಲೆ ಕೊಟ್ಟು, ನಮ್ಮೂರಿನ ಒಬ್ಬ ಸೇನಾ ಅಧಿಕಾರಿಯಿಂದ ಫೋನು ಮಾಡಿಸಿದ ಮೇಲೆ ಕೀಲಿ ಕೈಗೆ ಬಂತು. ಹೊರಗಿನವರಾಗುವುದು ಹೇಗಿರುತ್ತದೆ ಎಂಬುದು ಕೊಡಗಿನ ಅರ್ಧ ಮನೆಗಳಿಗೆ ಈಗ ಗೊತ್ತು. 2001ರಿಂದ 2011ರ ನಡುವೆ ಜಿಲ್ಲೆಯ ಜನಸಂಖ್ಯೆ 5.48 ಲಕ್ಷದಿಂದ 5.54 ಲಕ್ಷಕ್ಕೆ ಏರಿತು, ಹತ್ತು ವರ್ಷಕ್ಕೆ ನೂರಕ್ಕೆ ಒಂದರಷ್ಟು. ಹುಟ್ಟಿದ ಮಕ್ಕಳೆಲ್ಲ ಎಲ್ಲಿಗೆ ಹೋದರು? ನನ್ನ ಹಾಗೆ ಬಸ್ಸು ಹತ್ತಿದರು.

ತಮಾಷೆಯೇನೆಂದರೆ, ಊರಿನಲ್ಲಿ ನಮ್ಮ ಐನ್‌ಮನೆಯ, ಅಂದರೆ ಮನೆತನದ ಮೂಲಮನೆಯ, ಕೀಲಿ ಈಗ ಇರುವುದು ಜಾರ್ಖಂಡಿನ ಒಬ್ಬರ ಬಳಿ. ದೀಪ ಹಚ್ಚುವುದಕ್ಕೂ ಅಂಗಳ ಗುಡಿಸುವುದಕ್ಕೂ ಅವರೇ. ನೆಂಟರ ಕೈಯಲ್ಲಿ ಕೀಲಿ ಇದ್ದಾಗ ಪ್ರತಿ ಪುತ್ತರಿ ಹಬ್ಬಕ್ಕೂ ಜಗಳವಾಗುತ್ತಿತ್ತು.

ಸಂತೆಬೀದಿ:
ನೆಂಟರ ವಿಷಯ ಮಾತ್ರ ಸತ್ಯ.

ಲೈನ್‌ಮನೆ ಮಗಳು:
ಇಲ್ಲಿಯವರೆಗೆ ಎಲ್ಲರೂ ಮಾಲೀಕರು ಆಳನ್ನು ನಂಬುವ ಬಗ್ಗೆಯೇ ಬರೆದಿದ್ದೀರಿ. ಆಳು ಮಾಲೀಕರನ್ನು ನಂಬುವ ಬಗ್ಗೆ ಯಾರಾದರೂ ಕೇಳಬೇಕಿತ್ತು. ಕೇಳಲಿಲ್ಲ, ಹಾಗಾಗಿ ನಾನೇ ಹೇಳುತ್ತೇನೆ. ನನ್ನ ಅಜ್ಜಿ ತಮಿಳು ಕಡೆಯಿಂದ ಮದುವೆಯಾಗಿ ಬಂದವರು. ನಾನು ಹುಟ್ಟಿದ್ದು, ಓದಿದ್ದು ಗೋಣಿಕೊಪ್ಪದ ಹತ್ತಿರದ ಒಂದು ತೋಟದ ಲೈನಿನಲ್ಲಿ. ಈಗ ಶಾಲೆಯೊಂದರಲ್ಲಿ ಪಾಠ ಮಾಡುತ್ತೇನೆ.

ಕೊಯ್ಲಿನ ದಿನಗಳಲ್ಲಿ ಸಂಜೆ ತೂಕ ಹಾಕುವ ಹೊತ್ತು ನನಗೆ ಚೆನ್ನಾಗಿ ನೆನಪಿದೆ. ಕಿಲೋಗೆ ಇಂತಿಷ್ಟು ಎಂದು ಕೂಲಿ. ತೋಟದ ಲೆಕ್ಕ ಬರೆಯುವ ರೈಟರು ಚೀಲವನ್ನು ತಕ್ಕಡಿಗೆ ತೂಗುಹಾಕಿ, ಮುಳ್ಳು ತನ್ನ ಕಡೆಗೆ ಮಾತ್ರ ಕಾಣುವಂತೆ ನಿಂತು, ಒಂದು ಅಂಕಿಯನ್ನು ಕೂಗುತ್ತಿದ್ದರು. ಆ ಅಂಕಿಯಿಂದ ಚೀಲದ ತೂಕ, ಎಲೆ, ಕಡ್ಡಿ, ಹಸಿಕಾಯಿ ಎಂದು ಎರಡು ಕಿಲೋ ಮುರಿಯುತ್ತಿದ್ದರು. ಖಾಲಿ ಗೋಣಿಚೀಲ ಎರಡು ಕಿಲೋ ತೂಗುವುದಿಲ್ಲ ಎಂಬುದು ಅಜ್ಜಿಗೂ ಗೊತ್ತು, ರೈಟರಿಗೂ ಗೊತ್ತು. ಅದಕ್ಕೆ ಅಜ್ಜಿ ಏನು ಮಾಡುತ್ತಿದ್ದರೆಂದರೆ, ಚೀಲದ ತಳಕ್ಕೆ ಎರಡು ಹಿಡಿ ಎಲೆ, ಎಂದಾದರೊಂದು ದಿನ ಒಂದು ಕಲ್ಲು. ಎಲೆ ಸಿಕ್ಕಾಗ ರೈಟರು, ನೋಡಿ ಈ ಜನರನ್ನು ನಂಬುವುದು ಹೇಗೆ, ಎನ್ನುತ್ತಿದ್ದರು.

ಮುಂದೆ ತೋಟ ಕೈ ಬದಲಾಯಿತು. ಹೊಸ ಮಾಲೀಕರು ಮೊದಲ ದಿನ ಮಾಡಿದ ಕೆಲಸ ಇಷ್ಟೇ. ಇಬ್ಬನಿಗೆ ನೆನೆದ ಒಂದು ಖಾಲಿ ಚೀಲವನ್ನು ಎಲ್ಲರ ಎದುರು ತೂಗಿಸಿದರು, ಬಂದದ್ದನ್ನು ಸೀಮೆಸುಣ್ಣದಲ್ಲಿ ಗೋಡೆಯ ಮೇಲೆ ಬರೆಸಿದರು, ತಕ್ಕಡಿಯ ಮುಖವನ್ನು ನಮ್ಮ ಕಡೆಗೆ ತಿರುಗಿಸಿದರು. ಅಜ್ಜಿ ಅಂದು ಏನೂ ಹೇಳಲಿಲ್ಲ. ಒಂದು ವಾರದ ನಂತರ ಅವರ ಚೀಲದಲ್ಲಿ ಎಲೆ ಇರುತ್ತಿರಲಿಲ್ಲ. ಆ ಮಾಲೀಕರು ಉತ್ತರ ಭಾರತದ ಕಡೆಯವರು, ಕನ್ನಡವೂ ಬರುತ್ತಿರಲಿಲ್ಲ, ಅಜ್ಜಿಯ ಜೊತೆ ನಾಲ್ಕು ಮಾತೂ ಆಡಿದವರಲ್ಲ. ಹಳೆಯ ರೈಟರಾದರೋ ನಮ್ಮದೇ ಭಾಷೆಯವರು, ಹಬ್ಬಕ್ಕೆ ಮನೆಗೆ ಬಂದು ಊಟ ಮಾಡುತ್ತಿದ್ದವರು.

ಹಳೇ ಮೇಷ್ಟ್ರು:
ಮಗಳೇ, ಸೀಮೆಸುಣ್ಣದ ಆ ಒಂದು ಗೆರೆಯ ಮುಂದೆ ನನ್ನ ಇತಿಹಾಸದ ಪಾಠವನ್ನು ಅಳಿಸಿಬಿಡಬಹುದು.

ಸೋಮವಾರಪೇಟೆ ಕಾಫಿ:
ತಕ್ಕಡಿಯ ಮಾತನ್ನು ಒಪ್ಪುತ್ತೇನೆ. ಆದರೆ ಅಕ್ಕ, ನಿಮ್ಮ ಅಜ್ಜಿ ಅಲ್ಲೇ ಇದ್ದವರು. ಇಂದಿನವರು ಹದಿನೈದು ದಿನಕ್ಕೊಂದು ತೋಟ ಬದಲಾಯಿಸುತ್ತಾರೆ, ಪಕ್ಕದವರು ಕಿಲೋಗೆ ಐವತ್ತು ಪೈಸೆ ಹೆಚ್ಚು ಕೊಟ್ಟರೆ ಮಧ್ಯಾಹ್ನವೇ ಹೊರಟುಬಿಡುತ್ತಾರೆ. ಅವರಲ್ಲಿ ಯಾರು ಅಸ್ಸಾಮಿನವರು, ಯಾರು ಗಡಿಯಾಚೆಯವರು ಎಂಬುದೂ ತಿಳಿಯದು. ತಕ್ಕಡಿ ತಿರುಗಿಸಿದರೆ ಇದಕ್ಕೆಲ್ಲ ಪರಿಹಾರವೇ?

ಲೈನ್‌ಮನೆ ಮಗಳು:
ಹೆಚ್ಚು ಕೂಲಿ ಸಿಗುವಲ್ಲಿಗೆ ಹೋಗುವುದನ್ನು ನಿಮ್ಮ ಮಗ ಮಾಡಿದರೆ ಅದಕ್ಕೆ ಬಡ್ತಿ ಎನ್ನುತ್ತೀರಿ. ಗಡಿಯಾಚೆಯವರನ್ನು ಗುರುತಿಸುವುದು ಸರ್ಕಾರದ ಕೆಲಸ, ಮಾಡಲಿ. ಆದರೆ ಬಂಗಾಳಿ ಮಾತನಾಡಿದವರೆಲ್ಲ ಆಚೆಯವರೆಂದು ನಾವು ಕಣದಲ್ಲಿ ನಿಂತು ತೀರ್ಪು ಕೊಡಲಾಗದು. ಬಂಗಾಳಿ ಮಾತನಾಡುವ ಭಾರತೀಯರು ಕನ್ನಡ ಮಾತನಾಡುವವರಿಗಿಂತ ಹೆಚ್ಚಿದ್ದಾರೆ.

ನಿರ್ವಾಹಕ:
ಗಡಿಯ ರಾಜಕೀಯಕ್ಕೆ ಬೇರೆ ಚರ್ಚೆ ತೆರೆಯಿರಿ, ಇಲ್ಲಿ ನಂಬಿಕೆಯ ವಿಷಯವೇ ಮುಂದುವರಿಯಲಿ.

ಮಕ್ಕಂದೂರಿನವಳು:
2018ರ ಆಗಸ್ಟಿನಲ್ಲಿ ನಮ್ಮ ಮನೆ ಗುಡ್ಡದ ಜೊತೆಗೇ ಜಾರಿತು. ಹಣಕ್ಕಾಗಿ ಊರು ಬಿಡುವವರ ಬಗ್ಗೆ ಇಲ್ಲಿ ಮಾತು ನಡೆಯುತ್ತಿದೆ. ನಾವು ಉಟ್ಟ ಬಟ್ಟೆಯಲ್ಲಿ ಬಿಟ್ಟವರು. ಸೊಂಟದವರೆಗಿನ ಕೆಸರಿನಲ್ಲಿ ನನ್ನ ಅತ್ತೆಯವರನ್ನು ಬೆನ್ನ ಮೇಲೆ ಹೊತ್ತು ರಸ್ತೆಗೆ ತಂದವನು ಪಕ್ಕದ ತೋಟದ ಬಿಹಾರಿ ಹುಡುಗ. ಅವನ ಹೆಸರು ನಮಗೆ ಅಂದಿನವರೆಗೂ ತಿಳಿದಿರಲಿಲ್ಲ, ಎಲ್ಲರನ್ನೂ ಭಯ್ಯಾ ಎಂದೇ ಕರೆಯುತ್ತಿದ್ದೆವು. ಮಡಿಕೇರಿಯ ಪರಿಹಾರ ಕೇಂದ್ರದಲ್ಲಿ ಎಕರೆಗಟ್ಟಲೆ ತೋಟವಿದ್ದವರೂ ಲೈನಿನವರೂ ಒಂದೇ ಸಾಲಿನಲ್ಲಿ ತಟ್ಟೆ ಹಿಡಿದೆವು. ಆ ಇಪ್ಪತ್ತು ದಿನ ಯಾರ ಚೀಲವನ್ನೂ ಯಾರೂ ಮುಟ್ಟಲಿಲ್ಲ.

ಆಮೇಲಿನದೇ ಕಷ್ಟ. ಸರ್ಕಾರ ಕಟ್ಟಿಸಿದ ಬಡಾವಣೆಗೆ ಬಂದೆವು, ಹತ್ತಾರು ಊರಿನವರು, ಒಂದೇ ಬಣ್ಣದ ಸಾಲು ಮನೆಗಳು. ಎಲ್ಲರೂ ಒಳ್ಳೆಯವರೇ, ನಗುತ್ತಾರೆ, ಮಾತನಾಡಿಸುತ್ತಾರೆ. ಆದರೆ ಬಡಾವಣೆಯಲ್ಲಿ ಮೊದಲ ಸಾವಾದ ದಿನ ಬೆಳಿಗ್ಗೆ ಹತ್ತು ಗಂಟೆಯವರೆಗೂ ಜನ ಅಂಗಳದಲ್ಲಿ ನಿಂತೇ ಇದ್ದರು. ಚಟ್ಟಕ್ಕೆ ಬಿದಿರು ಯಾರು ಕಡಿಯಬೇಕು, ನೆಂಟರಿಗೆ ಸುದ್ದಿ ಯಾರು ಮುಟ್ಟಿಸಬೇಕು, ನೀರು ಯಾರು ಕಾಯಿಸಬೇಕು ಎಂಬುದು ಯಾರಿಗೂ ಗೊತ್ತಿರಲಿಲ್ಲ. ಹಳೆಯ ಊರಿನಲ್ಲಿ ಇದನ್ನು ಯಾರೂ ಯಾರಿಗೂ ಹೇಳುತ್ತಿರಲಿಲ್ಲ. ಕತ್ತಿ ಹಿಡಿದು ಹೊರಡುವವನು ಹೊರಟೇ ಇರುತ್ತಿದ್ದ. ಮನಸ್ಸು ಕೆಟ್ಟಿರಲಿಲ್ಲ, ಯಾರ ಪಾಲಿಗೆ ಯಾವ ಕೆಲಸ ಎಂಬ ಅಭ್ಯಾಸ ಮಾತ್ರ ಮಣ್ಣಿನಡಿ ಹೋಗಿತ್ತು. ಈಗ ಆರು ಸಾವು, ಮೂರು ಮದುವೆ ಆಗಿವೆ. ಬಿದಿರಿಗೆ ಹೋಗುವವರು ಯಾರೆಂದು ಈಗ ಕೇಳಬೇಕಾಗಿಲ್ಲ.

ಅಂಕಿಅಂಶ:
ಅಕ್ಕ, ನಿಮ್ಮ ಬರಹವನ್ನು ಎರಡು ಸಲ ಓದಿದೆ.

ಗೋರ್ಡನ್ ಆಲ್‌ಪೋರ್ಟ್ ಎಂಬ ಮನಶ್ಶಾಸ್ತ್ರಜ್ಞ 1954ರಲ್ಲೇ ಹೇಳಿದ ಒಂದು ವಿಚಾರಕ್ಕೆ ಪರಿಹಾರ ಕೇಂದ್ರ ಸರಿಯಾಗಿ ಹೊಂದುತ್ತದೆ. ಎರಡು ಗುಂಪಿನವರು ಬರಿದೇ ಹತ್ತಿರವಿದ್ದರೆ ಸಾಲದು. ಆ ಹೊತ್ತಿಗೆ ಸರಿಸಮಾನರಾಗಿರಬೇಕು, ಒಂದೇ ಗುರಿಗೆ ಕೂಡಿ ದುಡಿಯಬೇಕು, ಮೇಲಿನವರ ಒಪ್ಪಿಗೆಯೂ ಇರಬೇಕು. ತೋಟದಲ್ಲಿ ಮಾಲೀಕನೂ ಆಳೂ ಇಪ್ಪತ್ತು ವರ್ಷ ಹತ್ತಿರವಿದ್ದರೂ ಸರಿಸಮಾನರಾಗುವುದಿಲ್ಲ. ಉತ್ತರ ಪ್ರದೇಶದಲ್ಲಿ ಮ್ಯಾಟ್ ಲೋ ಎಂಬ ಸಂಶೋಧಕರು ಬೇರೆ ಬೇರೆ ಜಾತಿಯ ಯುವಕರನ್ನು ಕ್ರಿಕೆಟ್ ತಂಡಗಳಿಗೆ ಹಂಚಿ ನೋಡಿದರು. ಒಂದೇ ತಂಡದಲ್ಲಿ ಆಡಿದವರಲ್ಲಿ ಜಾತಿ ಮೀರಿದ ಸ್ನೇಹ ಹೆಚ್ಚಿತು, ಎದುರಾಳಿಗಳಾಗಿ ಆಡಿದವರಲ್ಲಿ ಹಾಗಾಗಲಿಲ್ಲ. ಇರಾಕಿನಲ್ಲಿ ಸಲ್ಮಾ ಮೂಸಾ ಅವರು ಕ್ರೈಸ್ತ ಮತ್ತು ಮುಸ್ಲಿಂ ಆಟಗಾರರನ್ನು ಬೆರೆಸಿ ಫುಟ್‌ಬಾಲ್ ಆಡಿಸಿದಾಗ ಮೈದಾನದೊಳಗೆ ನಡವಳಿಕೆ ಬದಲಾಯಿತು. ಮೈದಾನದ ಹೊರಗೆ ಅಪರಿಚಿತರ ವಿಷಯದಲ್ಲಿ ಅಷ್ಟಾಗಿ ಬದಲಾಗಲಿಲ್ಲ. ಆ ಎರಡನೆಯ ವಾಕ್ಯವನ್ನು ಜನ ಮರೆಯುತ್ತಾರೆ.

ನಾಪೋಕ್ಲು ಮೈದಾನ:
ಮೈದಾನದ ಮಾತು ಬಂದದ್ದಕ್ಕೆ ನಮ್ಮ ಹಾಕಿಯನ್ನು ನೆನೆಯದಿರಲಾಗದು. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಕೊಡವ ಕುಟುಂಬಗಳ ಹಾಕಿ ಉತ್ಸವ ಶುರು ಮಾಡಿದ್ದೇ ಚದುರಿ ಹೋಗಿದ್ದ ಒಕ್ಕದವರನ್ನು, ಅಂದರೆ ಒಂದೇ ಮನೆತನದವರನ್ನು, ಒಂದು ಕಡೆ ಸೇರಿಸಲು. ಮುಂಬಯಿಯಿಂದ, ದುಬೈಯಿಂದ ರಜೆ ಹಾಕಿ ಬಂದು ಆಡುತ್ತಾರೆ.

ಬೆಂಗಳೂರಲ್ಲಿರುವ ಕೊಡಗಿನವ:
ಒಕ್ಕದವರನ್ನು ಸೇರಿಸುತ್ತದೆ, ನಿಜ, ನಾನೂ ಆಡಿದ್ದೇನೆ. ಆದರೆ ಅದು ಒಳಗಿನ ನಂಬಿಕೆ. ಮೈದಾನಕ್ಕೆ ಸುಣ್ಣ ಹಾಕಿದ ಹುಡುಗ ಜಾರ್ಖಂಡಿನವನು, ಅವನು ಯಾವ ತಂಡದಲ್ಲಿ ಆಡಬೇಕು?

ನಾಪೋಕ್ಲು ಮೈದಾನ:
ಎಲ್ಲವನ್ನೂ ಒಂದೇ ಕಪ್ಪಿನಿಂದ ಅಳೆಯಬೇಡಿ ಅಣ್ಣ.

ಕೊಲ್ಲಿಯಿಂದ ಮರಳಿದವ:
ನಾನು ಹದಿನಾಲ್ಕು ವರ್ಷ ಕೊಲ್ಲಿಯ ಒಂದು ದೇಶದಲ್ಲಿ ಚಾಲಕನಾಗಿದ್ದೆ. ಅಲ್ಲಿ ಕಫಾಲಾ ಎಂಬ ವ್ಯವಸ್ಥೆ, ಅಂದರೆ ಕರೆಸಿಕೊಂಡ ಮಾಲೀಕನ ಹೆಸರಿಗೆ ನಮ್ಮ ವೀಸಾ ಕಟ್ಟಿರುತ್ತಿತ್ತು. ಇಳಿದ ದಿನವೇ ಪಾಸ್‌ಪೋರ್ಟ್ ತೆಗೆದು ಕಪಾಟಿನಲ್ಲಿಟ್ಟರು. ಮೇಷ್ಟ್ರು ಬರೆದ ಎರವರ ಮಾತನ್ನು ಓದಿದಾಗ ಆ ಕಪಾಟು ಕಣ್ಣಿಗೆ ಬಂತು. ನಾನು ಎಲ್ಲೂ ಓಡಿಹೋಗಲಿಲ್ಲ, ಮಾಲೀಕ ನನ್ನನ್ನು ಬಹಳ ನಂಬಿಗಸ್ತ ಎಂದು ಎಲ್ಲರೆದುರು ಹೊಗಳುತ್ತಿದ್ದ. ಕಪಾಟಿನ ಬೀಗ ತೆಗೆದು ಹೊಗಳಿದ್ದರೆ ನನಗೂ ಸಂತೋಷವಾಗುತ್ತಿತ್ತು.

ಇಲ್ಲೂ ಕೆಲವರು ಆಳುಗಳ ಮೂಲ ಆಧಾರ್ ಕಾರ್ಡನ್ನೇ ಮನೆಯಲ್ಲಿ ಇಟ್ಟುಕೊಳ್ಳುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಪ್ರತಿ ತೆಗೆದುಕೊಳ್ಳಿ, ಕಾರ್ಡು ಅವರ ಜೇಬಿನಲ್ಲಿರಲಿ.

ಅಂಕಿಅಂಶ:
ಬಲವಂತದ ಸಾಗಾಟ ಬಿಟ್ಟು ಹೋಗುವ ಗಾಯ ತಲೆಮಾರು ದಾಟುತ್ತದೆ ಎಂಬುದಕ್ಕೆ ಆಫ್ರಿಕಾದ ಉದಾಹರಣೆಯೂ ಇದೆ. ನೇಥನ್ ನನ್ ಮತ್ತು ಲೆನಾರ್ಡ್ ವಾಂಚೆಕೋನ್ 2011ರಲ್ಲಿ ತೋರಿಸಿದಂತೆ, ಗುಲಾಮರ ವ್ಯಾಪಾರಕ್ಕೆ ಹೆಚ್ಚು ಜನರನ್ನು ಕಳೆದುಕೊಂಡ ಬುಡಕಟ್ಟುಗಳ ಇಂದಿನ ವಂಶಸ್ಥರು ನೆರೆಯವರನ್ನೂ ಸ್ವಂತ ನೆಂಟರನ್ನೂ ಕಡಿಮೆ ನಂಬುತ್ತಾರೆ. ಆ ಕಾಲದಲ್ಲಿ ಪರಿಚಯದವರೇ ಹಿಡಿದು ಮಾರಿದ್ದುಂಟು. ಆದ್ದರಿಂದ ಓಡಾಟ ಎಂಬ ಒಂದೇ ಪದದಲ್ಲಿ ಸಾಗಿಸಲ್ಪಟ್ಟವರನ್ನೂ ತಾವಾಗಿ ಹೊರಟವರನ್ನೂ ಸೇರಿಸಿಬಿಟ್ಟರೆ ಲೆಕ್ಕ ತಪ್ಪುತ್ತದೆ.

ಇನ್ನು ನಮ್ಮ ದೇಶದಲ್ಲಿ 2011ರ ಜನಗಣತಿ 45 ಕೋಟಿಗೂ ಹೆಚ್ಚು ವಲಸಿಗರನ್ನು ಎಣಿಸಿತು. ಅವರಲ್ಲಿ ದೊಡ್ಡ ಪಾಲು ಮದುವೆಯಾಗಿ ಊರು ಬಿಟ್ಟ ಹೆಂಗಸರು. ಅಪರಿಚಿತರ ಮನೆಗೆ ಹೋಗಿ ಕಾಲೂರಿ ಬದುಕುವುದರ ಬಗ್ಗೆ ಅವರನ್ನು ಯಾವ ಸಂಶೋಧಕರೂ ಸಾಕಷ್ಟು ಕೇಳಿಲ್ಲವೆಂಬುದು ನನ್ನ ಅಭಿಪ್ರಾಯ.

ಮಕ್ಕಂದೂರಿನವಳು:
ಕೇಳಿದರೆ ಹೇಳುವುದಕ್ಕೆ ರಾತ್ರಿ ಸಾಲದು ತಂಗಿ.

ಹಳೆಯ ಗುಮಾಸ್ತ:
ನಾನು ಸರ್ಕಾರಿ ಕಚೇರಿಯಲ್ಲಿ ಕಾರ್ಮಿಕರ ಕಡತಗಳನ್ನು ನೋಡಿದವನು. ಮೇಸ್ತ್ರಿಯ ಮೋಸಕ್ಕೆ ಕಾನೂನು ಕಣ್ಣು ಮುಚ್ಚಿರಲಿಲ್ಲ. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆಯ ಪ್ರಕಾರ ಹೊರರಾಜ್ಯದಿಂದ ಆಳು ತರುವ ಗುತ್ತಿಗೆದಾರನಿಗೆ ಪರವಾನಗಿ ಬೇಕಿತ್ತು, ಪ್ರತಿ ಕಾರ್ಮಿಕನಿಗೆ ಭಾವಚಿತ್ರವಿರುವ ಪಾಸ್‌ಬುಕ್ ಕೊಡಬೇಕಿತ್ತು, ಅದರಲ್ಲಿ ಕೂಲಿಯ ದರ, ಕೆಲಸದ ಅವಧಿ, ಮುರಿದುಕೊಂಡ ಹಣ ಎಲ್ಲವನ್ನೂ ನಮೂದಿಸಬೇಕಿತ್ತು. ಕಾರ್ಮಿಕನ ಪ್ರಯಾಣದ ಭತ್ಯೆಯನ್ನು ಕೊಡಬೇಕಾಗಿದ್ದವನೂ ಗುತ್ತಿಗೆದಾರನೇ. ನನ್ನ ಸೇವಾವಧಿಯಲ್ಲಿ ಅಂತಹ ಒಂದು ಪಾಸ್‌ಬುಕ್ಕನ್ನೂ ಯಾವ ಲೈನ್‌ಮನೆಯಲ್ಲೂ ನಾನು ಕಣ್ಣಾರೆ ಕಾಣಲಿಲ್ಲ. 1951ರ ತೋಟ ಕಾರ್ಮಿಕರ ಕಾಯ್ದೆ ಮನೆ, ಆಸ್ಪತ್ರೆಗಳ ಮಾತನ್ನಾಡಿತು, ಆದರೆ ಅದು ಐದು ಹೆಕ್ಟೇರಿಗಿಂತ ಸಣ್ಣ ತೋಟಗಳಿಗೆ ತಾನಾಗಿ ಅನ್ವಯಿಸುತ್ತಿರಲಿಲ್ಲ. ಹೊಳೆಬದಿಯವರ ಒಂಬತ್ತು ಎಕರೆ ಆ ಲೆಕ್ಕದಿಂದ ಹೊರಗೆ. ಹೀಗೆ ಸಣ್ಣ ಬೆಳೆಗಾರನೂ ವಲಸೆ ಆಳೂ ಇಬ್ಬರೂ ಕಾಗದದ ಹೊರಗೆ ಉಳಿದು, ನಡುವೆ ಮೇಸ್ತ್ರಿಯೊಬ್ಬನೇ ಇಬ್ಬರಿಗೂ ಸಾಕ್ಷಿಯಾದ.

ನೀವು ನಂಬಿದ್ದು ಮೇಸ್ತ್ರಿಯನ್ನು ಸ್ವಾಮಿ, ಆ ನಾಲ್ವರನ್ನಲ್ಲ. ಮೋಸ ಮಾಡಿದವನೂ ಅವನೇ. ಅವನು ಎಲ್ಲಿಯವನು?

ಹೊಳೆಬದಿ ತೋಟ:
ಹೇಳಲು ನಾಚಿಕೆಯಾಗುತ್ತದೆ. ಅವನು ಇಲ್ಲಿಯವನೇ, ನಮ್ಮ ಊರಿನಿಂದ ಹನ್ನೊಂದು ಕಿಲೋಮೀಟರು. ಅವರ ತಂದೆಯವರು ನಮ್ಮ ತಂದೆಯವರಿಗೆ ಪರಿಚಿತರು. ಆ ಪರಿಚಯದ ಮೇಲೆಯೇ ರಸೀತಿ ಕೇಳದೆ 40,000 ರೂಪಾಯಿ ಕೊಟ್ಟದ್ದು.

ಲೈನ್‌ಮನೆ ಮಗಳು:
ಇದನ್ನು ಮೊದಲ ಬರಹದಲ್ಲೇ ಬರೆಯಬಹುದಿತ್ತಲ್ಲ?

ಸೋಮವಾರಪೇಟೆ ಕಾಫಿ:
ಬಿಡಿ ಅಕ್ಕ, ಕಳೆದುಕೊಂಡವರನ್ನು ಮತ್ತೆ ಚುಚ್ಚಬೇಡಿ. ನನ್ನ ಮೆಣಸು ಕದ್ದವನೂ ಕೊನೆಗೆ ನಮ್ಮ ಊರಿನವನೇ ಎಂದು ತಿಳಿಯಿತು, ನಾನೂ ಮೊದಲು ಅದನ್ನು ಬರೆಯಲಿಲ್ಲ.

ಸಂತೆಬೀದಿ:
ಕೊಡಬೇಡಿ ಎಂದು ಮೊದಲು ಬರೆದವನು ನಾನೇ, ಈಗ ನನ್ನ ಅಂಗಡಿಯ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಸಂತೆಯ ದಿನ ಅಸ್ಸಾಂ, ಬಂಗಾಳದ ಕಡೆಯವರು ನನ್ನಲ್ಲಿ ಸಾಮಾನು ಕೊಳ್ಳುತ್ತಾರೆ. ಸಾಸಿವೆ ಎಣ್ಣೆ, ಕುಸುಬಲು ಅಕ್ಕಿಗಳನ್ನು ನಾನು ತರಿಸತೊಡಗಿದ್ದೇ ಅವರಿಗಾಗಿ. ಸಾಲದ ಪುಸ್ತಕದಲ್ಲಿ ಅವರಿಗೊಂದು ಬೇರೆ ಭಾಗವಿದೆ. ಮೊದಲ ಸಲ ಬಂದವನಿಗೆ ಸಾಲವಿಲ್ಲ. ಎರಡನೆಯ ಸುಗ್ಗಿಗೂ ಬಂದ ಮುಖಕ್ಕೆ ಐನೂರರವರೆಗೆ. ಮೂರನೆಯ ಸುಗ್ಗಿಗೆ ಬಂದವನಿಗೆ ನಾನು ಮಿತಿ ಹಾಕುವುದಿಲ್ಲ, ಅವನೇ ಹಾಕಿಕೊಳ್ಳುತ್ತಾನೆ. ಕಳೆದ ವರ್ಷ ಒಬ್ಬ 1,340 ರೂಪಾಯಿ ಬಾಕಿ ಇಟ್ಟು ಹೋದ, ಹೋಯಿತು ಎಂದುಕೊಂಡೆ. ಜೂನಿನಲ್ಲಿ ಊರಿನಿಂದ ಫೋನ್‌ಪೇ ಮಾಡಿದ. ಇಲ್ಲಿಯ ಸರ್ಕಾರಿ ನೌಕರರೊಬ್ಬರ ಬಾಕಿ ನಾಲ್ಕು ವರ್ಷದಿಂದ ಹಾಗೆಯೇ ಇದೆ, ಅವರು ದಿನವೂ ಅಂಗಡಿಯ ಮುಂದೆಯೇ ನಡೆದುಹೋಗುತ್ತಾರೆ.

ಹಳೇ ಮೇಷ್ಟ್ರು:
ಅಂದಮೇಲೆ ಕೊಡಬೇಡಿ ಎಂದು ಏಕೆ ಬರೆದಿರಿ?

ಸಂತೆಬೀದಿ:
ಫೋನಿನಲ್ಲಿ ಬೇಗ ಬರೆಯುವಾಗ ಊರೆಲ್ಲ ಹೇಳುವುದೇ ಬಾಯಿಗೆ ಬರುತ್ತದೆ ಮೇಷ್ಟ್ರೇ. ಸಾಲದ ಪುಸ್ತಕ ತೆರೆದಾಗ ಬೇರೆ ಬುದ್ಧಿ. ಹೊಳೆಬದಿಯವರ ಆಳಿಗೆ ನನ್ನ ಲೆಕ್ಕದಲ್ಲಿ ಇದು ಮೂರನೆಯ ಸುಗ್ಗಿ. ಮುಖ್ಯವಾಗಿ, ಅವನು ಬಯ್ಗುಳ ಖಾತ್ರಿಯಿದ್ದ ಕಡೆಗೇ ವಾಪಸು ಬಂದ.

ಅಂಕಿಅಂಶ:
ಬಾಂಗ್ಲಾದೇಶದ ರಂಗಪುರದಲ್ಲಿ 2008ರಲ್ಲಿ, ಹೊಲದಲ್ಲಿ ಕೆಲಸವಿಲ್ಲದ ಹಸಿವಿನ ತಿಂಗಳುಗಳಲ್ಲಿ, ಕೂಲಿಗೆ ಹೊರಡುವವರಿಗೆ ಬಸ್ಸಿನ ಖರ್ಚಿನಷ್ಟು ಹಣ ಕೊಟ್ಟು ನೋಡಿದ ಪ್ರಯೋಗವೊಂದಿದೆ. ಮುಂದಿನ ವರ್ಷಗಳಲ್ಲಿ ಯಾರೂ ಹಣ ಕೊಡದಿದ್ದರೂ ಅವರಲ್ಲಿ ಹಲವರು ತಾವಾಗಿ ಮತ್ತೆ ಹೊರಟರು. ಮೊದಲ ಪಯಣದ ಅಪಾಯವನ್ನು ಬಡವರು ಒಬ್ಬರೇ ಹೊರಲಾರದೆ ಕೂತಿರುತ್ತಾರೆ. 18,000 ರೂಪಾಯಿಯನ್ನು ಆ ದೃಷ್ಟಿಯಿಂದಲೂ ನೋಡಬಹುದು.

ಸೋಮವಾರಪೇಟೆ ಕಾಫಿ:
ಒಂದೇ ಸಲ ಪೂರ್ತಿ ಕಳುಹಿಸಬೇಡಿ. ಇದು ನನ್ನ ಕೊನೆಯ ಮಾತು.

ಕೊಲ್ಲಿಯಿಂದ ಮರಳಿದವ:
ಟಿಕೆಟ್ಟನ್ನು ನೀವೇ ಇಲ್ಲಿಂದ ಕಾಯ್ದಿರಿಸಿ ಫೋನಿಗೆ ಕಳುಹಿಸಿ. ಹೆಸರುಗಳೂ ತಿಳಿಯುತ್ತವೆ, ಅವರಿಗೂ ಕುಳಿತುಕೊಳ್ಳಲು ಜಾಗ ಸಿಗುತ್ತದೆ. ಅವರು ಕಾಯ್ದಿರಿಸದ ಬೋಗಿಯಲ್ಲಿ ಮೂರು ದಿನ ನಿಂತು ಬರುತ್ತಾರೆಂಬುದು ನಿಮಗೆ ತಿಳಿದಿದೆಯೇ?

ಹೊಳೆಬದಿ ತೋಟ:
ತಿಳಿದಿರಲಿಲ್ಲ.

ಎರಡು ದಿನ ಬಿಟ್ಟು ಬರೆಯುತ್ತಿದ್ದೇನೆ. ನಿನ್ನೆ ಅವನಿಗೆ ಫೋನು ಮಾಡಿ ಏಳು ಜನರ ಹೆಸರು, ವಯಸ್ಸು ಕೇಳಿದೆ. ಟಿಕೆಟ್ಟು ನಾನೇ ತೆಗೆಯುತ್ತೇನೆ ಎಂದಾಗ ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಹಾಗಾದರೆ ಟಿಕೆಟ್ಟಿನ ಹಣವನ್ನು ಯಾವ ಲೆಕ್ಕದಲ್ಲಿ ಮುರಿಯುತ್ತೀರಿ, ಈಗಲೇ ಹೇಳಿ, ಎಂದ. ಮೊದಲ ಸಲದ ಮೇಸ್ತ್ರಿಯ ಭಯ ಅವನಿಗೂ ಇದೆ. ಹೋಗುವಾಗಿನ ಟಿಕೆಟ್ಟು ಅವರದು, ಬರುವಾಗಿನದು ನನ್ನದು, ಮುರಿಯುವುದಿಲ್ಲ ಎಂದೆ. ಮನೆಯವರು ಪಕ್ಕದಲ್ಲೇ ನಿಂತು ಕೇಳುತ್ತಿದ್ದರು. ಮಾರ್ಚ್ ಮುಗಿಯುವವರೆಗೆ ಇದ್ದರೆ ಹೋಗುವಾಗಿನದನ್ನೂ ಕೊಡೋಣ, ಅದನ್ನೂ ಹೇಳಿಬಿಡಿ, ಎಂದರು. ಹೇಳಿದೆ.

ಹಳೆಯ ಗುಮಾಸ್ತರು ವಿವರಿಸಿದ ಪಾಸ್‌ಬುಕ್ಕಿನ ಹಾಗೆ ಇನ್ನೂರು ಪುಟದ ಏಳು ನೋಟುಪುಸ್ತಕಗಳನ್ನು ತಂದಿದ್ದೇನೆ, ತೂಕವನ್ನು ದಿನವೂ ಅವರ ಪುಸ್ತಕದಲ್ಲೇ ಬರೆದುಕೊಡುತ್ತೇನೆ. ಲೈನ್‌ಮನೆ ಮಗಳು ಎಂಬ ಹೆಸರಿನಲ್ಲಿ ಬರೆದವರಿಗೆ ಒಂದು ಮಾತು: ಇವತ್ತು ಬೆಳಿಗ್ಗೆ ನಮ್ಮ ಖಾಲಿ ಚೀಲವನ್ನು ತೂಗಿ ನೋಡಿದೆ. ನಾವೂ ಇಷ್ಟು ವರ್ಷ ಒಂದೂವರೆ ಕಿಲೋ ಮುರಿಯುತ್ತಿದ್ದೆವು. ಒಣ ಚೀಲ 650 ಗ್ರಾಂ ತೂಗಿತು.

ಲೈನ್‌ಮನೆ ಮಗಳು:
ಒದ್ದೆ ಚೀಲವನ್ನೂ ಒಮ್ಮೆ ತೂಗಿ ಅಣ್ಣ. ಜನವರಿಯಲ್ಲಿ ಇಬ್ಬನಿ ಹೆಚ್ಚು, ನಿಮಗೂ ನಷ್ಟವಾಗಬಾರದು.